ಯಾರಿಗೆ ಯಾವ ಕಾದಂಬರಿ



“ಓದುವುದಕ್ಕೆ ಚೆನ್ನಾಗಿರುವ ಕಾದಂಬರಿ ಯಾವುದಾದರೂ ಇದ್ದರೆ ಹೇಳಿ” ಎಂದು ಸ್ನೇಹಿತರು ಕೇಳಿದಾಗ ನಮಗೆ ಪ್ರಿಯವಾದ ಗ್ರಂಥದ ಹೆಸರನ್ನು ಹೇಳಿಬಿಡುವುದು ಸುಲಭ. ಆದರೆ ಆ ಪ್ರಶ್ನೆಯಲ್ಲಿ ಗ್ರಂಥದ ವಿಚಾರವೆಷ್ಟಿದೆಯೋ ಕೇಳಿದವರ ಮನಃಸ್ಥಿತಿಯ ವಿಚಾರವೂ ಅಷ್ಟೇ ಇದೆಯೆಂಬುದನ್ನು ನಾನು ಕಲಿತುಕೊಂಡದ್ದು ಬಹಳ ತಡವಾಗಿ, ಅದೂ ಒಂದು ತಪ್ಪು ಮಾಡಿದ ಮೇಲೆ.

ಮಿತ್ರರೊಬ್ಬರು ವಿಷಮಶೀತಜ್ವರದಿಂದ ಚೇತರಿಸಿಕೊಳ್ಳುತ್ತ, ಗಂಜಿ ಕುಡಿದುಕೊಂಡು, ಹಗಲು ಕಳೆಯುವ ಬಗೆ ತೋರದೆ ಮಲಗಿದ್ದಾಗ, ಅವರ ಮೇಲಣ ಪ್ರೀತಿಯಿಂದಲೂ ಗ್ರಂಥದ ಮೇಲಣ ಭಕ್ತಿಯಿಂದಲೂ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು ಒಯ್ದು ದಿಂಬಿನ ಬಳಿ ಇಟ್ಟು ಬಂದೆನು. ಎಂಟು ದಿನಗಳ ತರುವಾಯ ಹೋಗಿ ನೋಡಿದರೆ ಮೂವತ್ತನೆಯ ಪುಟದಲ್ಲಿ ಔಷಧದ ಚೀಟಿಯೊಂದನ್ನು ಗುರುತಿಗಾಗಿ ಇಟ್ಟಿದ್ದರು. ಚೀಟಿ ಅಲ್ಲಿಂದ ಮುಂದೆ ಸರಿದಿರಲಿಲ್ಲ. 1936ರಲ್ಲಿ ಪ್ರಕಟವಾದ ಆ ಕಾದಂಬರಿ, ಗೌಡರು, ಆಳುಮಕ್ಕಳು, ಬೇಟೆ, ನಾಯಿಗಳು ಸಹಿತವಾಗಿ ಮಲೆನಾಡಿನ ಬದುಕನ್ನು ಇಡಿಯಾಗಿ ತುಂಬಿಕೊಂಡು, ಕಾಡು ಬೆಳೆದಂತೆ ನಿಧಾನವಾಗಿ ಬೆಳೆಯತಕ್ಕದ್ದು. ಪಾತ್ರಗಳ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳುವಷ್ಟು ಕಸುವೂ ಇಲ್ಲದ ರೋಗಿಗೆ ಅದನ್ನು ಕೊಟ್ಟದ್ದು ನನ್ನ ಅವಿವೇಕವೇ ಹೊರತು ಗ್ರಂಥದ ದೋಷವಲ್ಲ, ಓದುಗರ ದೋಷವಂತೂ ಅಲ್ಲವೇ ಅಲ್ಲ.

ಅದನ್ನು ಹಿಂದಕ್ಕೆ ತಂದು, ಬದಲಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಕೊಟ್ಟೆನು. 1943ರಲ್ಲಿ ಬಂದ ಈ ಪುಸ್ತಕ ಗಾತ್ರದಲ್ಲಿ ಚಿಕ್ಕದು. ಕಾಡಿನಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬನನ್ನು ಇಬ್ಬರು ಹಳ್ಳಿಗರು ಗೋಪಾಲಯ್ಯನೆಂಬ ವೃದ್ಧನ ಮನೆಗೆ ಕರೆದುಕೊಂಡು ಹೋಗುವಲ್ಲಿ ಕಥೆ ಮೊದಲಾಗುತ್ತದೆ. ಓದುವವನೂ ಅವರ ಬೆನ್ನ ಹಿಂದೆಯೇ ನಡೆದು, ಅದೇ ಮನೆಯ ಅತಿಥಿಯಾಗಿಬಿಡುತ್ತಾನೆ. ಕುಮಾರಪರ್ವತದ ಸೀಮೆಯ ದಟ್ಟ ಅರಣ್ಯದ ನಡುವೆ ತೋಟವೆಬ್ಬಿಸಿದ ಆ ಮುದುಕನ ಮಾತು, ನಗು, ಹೊರಟವನನ್ನು ಹೊರಡಗೊಡದ ಅಕ್ಕರೆ, ಇಷ್ಟರಲ್ಲಿಯೇ ಪುಟಗಳು ಸರಿಯುತ್ತವೆ. ಮನೆ ಬಿಟ್ಟುಹೋದ ಮಗನಿಗಾಗಿ ಆ ದಂಪತಿಗಳು ಒಳಗೊಳಗೇ ಅನುಭವಿಸುತ್ತಿರುವ ವ್ಯಥೆ, ಉಪಚಾರದ ನಡುನಡುವೆ ಒಂದೊಂದು ಮಾತಾಗಿ ಹೊರಬೀಳುವಾಗ, ನಾವು ಆಗಲೇ ಆ ಮನೆಯವರಾಗಿಬಿಟ್ಟಿರುವುದರಿಂದ ಅದು ನಮ್ಮದೇ ವ್ಯಥೆಯಾಗುತ್ತದೆ. ಮಿತ್ರರು ಅದನ್ನು ಎರಡು ದಿನಗಳಲ್ಲಿ ಮುಗಿಸಿ, “ಆ ಮುದುಕನ ತೋಟವನ್ನು ಒಮ್ಮೆ ನೋಡಬೇಕು” ಎಂದರು.

ಸಂತೋಷಕ್ಕಾಗಿ ಓದುವುದು ಕೀಳೆಂದು ಭಾವಿಸುವ ವಿದ್ವಾಂಸರು ನಮ್ಮಲ್ಲಿ ಇಲ್ಲದಿಲ್ಲ. ಅಂಥವರು ಗಳಗನಾಥರನ್ನು ಸ್ಮರಿಸಬೇಕು. 1869ರಲ್ಲಿ ಜನಿಸಿದ ಆ ಹಾವೇರಿ ಸೀಮೆಯ ಶಾಲಾಮಾಸ್ತರರು, ಉತ್ತರ ಕರ್ನಾಟಕದ ಅಕ್ಷರಸ್ಥರನೇಕರು ಮರಾಠಿಯನ್ನೇ ಓದುತ್ತಿದ್ದ ಕಾಲದಲ್ಲಿ, ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದುದಲ್ಲದೆ, ಸ್ವತಂತ್ರವಾಗಿಯೂ ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮುಂದೇನಾಯಿತೆಂಬ ಕುತೂಹಲವೊಂದನ್ನೇ ದೀಪವಾಗಿ ಹಿಡಿದು ಅವರು ಕನ್ನಡದ ಕಡೆಗೆ ಕರೆತಂದ ಓದುಗರ ಉಪಕಾರವನ್ನು, ತರುವಾಯ ಬಂದ ಲೇಖಕರೆಲ್ಲರೂ ಉಂಡಿದ್ದಾರೆ. ಕಥೆ ರುಚಿಸದೆ ಭಾಷೆ ರುಚಿಸುವುದು ಅಪರೂಪವೆಂದೇ ನನ್ನ ನಂಬಿಕೆ.

ಆದುದರಿಂದ, ಯಾರಾದರೂ ಕಾದಂಬರಿಯ ಹೆಸರು ಕೇಳಿದರೆ, ನಾನು ಈಗ ಮೊದಲು ಅವರನ್ನೇ ನಾಲ್ಕು ಮಾತು ಕೇಳುತ್ತೇನೆ: ಕಡೆಯ ಬಾರಿ ಯಾವ ಪುಸ್ತಕ ನಿದ್ದೆಗೆಡಿಸಿತು, ದಿನಕ್ಕೆ ಎಷ್ಟು ಹೊತ್ತು ಬಿಡುವುಂಟು, ದುಃಖದ ಕಥೆ ಈಗ ತಡೆದೀತೇ ಎಂದು. ಇತಿಹಾಸಪ್ರಿಯರಾದರೆ, 1834ರಲ್ಲಿ ಆಂಗ್ಲರ ಪಾಲಾದ ಕೊಡಗಿನ ಕಡೆಯ ಅರಸನನ್ನು ಕುರಿತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು ಹೇಳುತ್ತೇನೆ; ಅದರಲ್ಲಿ ದುಷ್ಟನೆನ್ನಿಸಿಕೊಂಡವನ ಮೇಲೂ ಲೇಖಕರಿಗೆ ಕರುಣೆಯಿದೆ. ಮನಸ್ಸಿನ ಒಳತೊಡಕುಗಳನ್ನು ಬಿಡಿಸಿ ನೋಡುವ ಆಸೆಯುಳ್ಳವರಿಗೆ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ಅಜ್ಜಿಯ ಬಾಯಿಂದ ಕೇಳಿದಂಥ ಹಳೆಯ ಮೈಸೂರಿನ ಮನೆಮಾತಿಗೆ ಮನಸೋಲುವವರಿಗೆ, ಗಾದೆಯನ್ನೇ ಹೆಸರಾಗಿಟ್ಟುಕೊಂಡ ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’. 1915ರ ಆ ಗದ್ಯದ ಜೀವಕಳೆ ಇನ್ನೂ ಬಾಡಿಲ್ಲ. ಹೆಸರು ಹೇಳಿದ ಮೇಲೆ ಕಥೆಯನ್ನು ಮಾತ್ರ ಹೇಳುವುದಿಲ್ಲ. ಪುಸ್ತಕವನ್ನು ಬಿಡಿಸಿ, ಮೊದಲ ಎರಡು ಪುಟಗಳನ್ನು ಗಟ್ಟಿಯಾಗಿ ಓದಿ, ಅಲ್ಲಿಗೇ ನಿಲ್ಲಿಸಿ ಅವರ ಕೈಗೆ ಕೊಡುತ್ತೇನೆ.

ನನ್ನ ಮಿತ್ರರ ವಿಷಯ ಹೇಳುತ್ತಿದ್ದೆನಷ್ಟೆ. ಅವರು ಪೂರ್ಣವಾಗಿ ಗುಣಹೊಂದಿ, ಮಾರನೆಯ ವರ್ಷದ ಮಳೆಗಾಲದಲ್ಲಿ ಹದಿನೈದು ದಿನ ರಜೆ ಹಾಕಿ, ಒಂದು ಸಂಜೆ ಕೊಡೆ ಹಿಡಿದು ನಮ್ಮ ಮನೆಗೆ ಬಂದು, ಜಗುಲಿಯ ಮೇಲೆ ಕುಳಿತವರು, “ಆ ದಪ್ಪ ಪುಸ್ತಕ ಇದೆಯೇನು?” ಎಂದು ಕೇಳಿದರು. ಒಳಗಿನಿಂದ ತಂದು ಕೊಟ್ಟೆನು. ಔಷಧದ ಚೀಟಿ ಮೂವತ್ತನೆಯ ಪುಟದಲ್ಲಿ ಹಾಗೆಯೇ ಇತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, ಮೊದಲನೆಯ ಪುಟದಿಂದ ಓದತೊಡಗಿದರು.