ಹಾಲಿನ ಗಾಡಿಯ ಶಕ್ತಿ ಎಲ್ಲಿ ಸೋರುತ್ತದೆ?
(ಬಳ್ಳಾರಿ ಗಾಂಧಿನಗರದಲ್ಲಿ ಸದಸ್ಯರಿಗೆ ನೀಡಿದ ಉಪನ್ಯಾಸ)

ಸಿರುಗುಪ್ಪ, ಕುರುಗೋಡು ಕಡೆಯಿಂದ ಕ್ಯಾನು ಹೊತ್ತು ಬರುವ ಪಿಕಪ್ ಗಾಡಿ ತಡವಾದರೆ ನಮ್ಮ ಬಿಸಿಲಿಗೆ ಹಾಲು ಒಡೆಯುತ್ತದೆ. ಡೀಸೆಲ್ ಹೆಚ್ಚು ಕುಡಿದರೆ ಸಾಗಣೆ ಖರ್ಚು ಏರುತ್ತದೆ. ಎರಡೂ ನಷ್ಟ ಕೊನೆಗೆ ನಿಮ್ಮದೇ.

ಎಂಜಿನ್ನಿನ ಶಕ್ತಿಯೆಲ್ಲ ಚಕ್ರಕ್ಕೆ ತಲುಪುವುದಿಲ್ಲ. ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಬೇರಿಂಗುಗಳಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಇದನ್ನು ಸಾಮಾನ್ಯವಾಗಿ ಶೇಕಡಾ 10ರಿಂದ 15 ಎಂದು ಅಂದಾಜಿಸುತ್ತಾರೆ. ಆದರೆ ಎಣ್ಣೆ, ಭಾರ, ವೇಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಸಂಚಾರವಿಲ್ಲದ ಸಮತಟ್ಟಾದ ನೇರ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ದಾಟಿದ ಮೇಲೆ ಗಾಡಿಯನ್ನು ನ್ಯೂಟ್ರಲ್‌ಗೆ ತನ್ನಿರಿ. ಎಂಜಿನ್ ಆರಿಸಬೇಡಿರಿ. ವೇಗ 40ರಿಂದ 30ಕ್ಕೆ ಇಳಿಯಲು ಹಿಡಿದ ಸೆಕೆಂಡುಗಳನ್ನು ಪಕ್ಕದಲ್ಲಿ ಕುಳಿತವರು ಎಣಿಸಲಿ. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಿರಿ. ಭಾರ ಸೇರಿ 2,500 ಕಿಲೋ ತೂಗುವ ಗಾಡಿಗೆ 14 ಸೆಕೆಂಡು ಹಿಡಿದರೆ, ಆ ವೇಗದಲ್ಲಿ ಸುಮಾರು ಆರೂವರೆ ಅಶ್ವಶಕ್ತಿ ಬರೀ ತಡೆಗೇ ಹೋಗುತ್ತಿದೆ. ಇದರಲ್ಲಿ ಗಾಳಿಯ, ಟೈರಿನ ತಡೆಯೂ ಸೇರಿದೆ. ಎಂಜಿನ್ ಎಳೆಯುವಾಗ ಗೇರ್‌ಬಾಕ್ಸಿನಲ್ಲಾಗುವ ನಷ್ಟ ಸೇರಿಲ್ಲ. ಆದ್ದರಿಂದ ಅಂಕಿಗಿಂತ ಹೋಲಿಕೆಯೇ ಮುಖ್ಯ.

ತಿಂಗಳಿಗೊಮ್ಮೆ ಅದೇ ರಸ್ತೆ, ಅದೇ ಭಾರದಲ್ಲಿ ಅಳೆದು ಬರೆದಿಡಿರಿ. 14 ಇದ್ದದ್ದು 10ಕ್ಕೆ ಇಳಿದರೆ ಟೈರಿನ ಗಾಳಿ, ಹಿಡಿದುಕೊಂಡ ಬ್ರೇಕು, ಚಕ್ರದ ಬೇರಿಂಗು, ಡಿಫರೆನ್ಷಿಯಲ್ ಎಣ್ಣೆ ಪರೀಕ್ಷಿಸಿರಿ. ಒಂದು ಚಕ್ರದ ಡ್ರಮ್ಮು ಅದರ ಜೋಡಿಗಿಂತ ಹೆಚ್ಚು ಕಾದಿದ್ದರೆ ಮೊದಲು ಅಲ್ಲೇ ಹುಡುಕಿರಿ.

ಹಸುವಿನ ಹಾಲನ್ನು ಅಳೆದು ಬರೆಯುವ ನಾವು, ಹಾಲು ಹೊರುವ ಗಾಡಿಯನ್ನೂ ಅಳೆದು ಬರೆಯೋಣ.