ಚಂದ್ರಿಕೆಗೆ ಮೀಸಲಾದ ಜಾಗ



ಮನೆಗೆ ಹೊಸ ಸಾಮಾನು ತಂದರೆ ಜಾಗ ಕಡಿಮೆಯಾಗುವುದು ಸಹಜ. ಆದರೆ ನೆನಪನ್ನು ಹೆಚ್ಚಿಸಿಕೊಂಡರೂ ಜಾಗ ಕಡಿಮೆಯಾದೀತೆಂದು ನಾನು ಅರಿತದ್ದು 2012ರಲ್ಲಿ, ರಾಮನಗರದ ನನ್ನ ಮನೆಯ ಕಂಪ್ಯೂಟರಿನಿಂದ.

ಮಾಗಡಿ, ಕನಕಪುರದ ಕಡೆಯ ಹಳ್ಳಿಗಳ ವೃದ್ಧೆಯರು ಹಾಡುತ್ತಿದ್ದ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿ ಆ ಯಂತ್ರದಲ್ಲಿ ಕೂಡಿಡುತ್ತಿದ್ದೆ. ಅದು ನಿಧಾನವಾಯಿತೆಂದು ಚನ್ನಪಟ್ಟಣದ ಯುವಕನೊಬ್ಬನನ್ನು ಕರೆಸಿ, ಮೆಮೊರಿಯನ್ನು 4 ಜಿಬಿಯಿಂದ 8 ಜಿಬಿಗೆ ಏರಿಸಿದೆ. ಯಂತ್ರವೇನೋ ಚುರುಕಾಯಿತು. ಆದರೆ ಹಿಂದಿನ ದಿನ ಡಿಸ್ಕಿನಲ್ಲಿ 9 ಜಿಬಿಯಷ್ಟಿದ್ದ ಖಾಲಿ ಜಾಗ 2ಕ್ಕೆ ಇಳಿದಿತ್ತು. ಉಳಿದದ್ದೆಲ್ಲಿ ಹೋಯಿತು? ಹುಡುಗ ನನಗೆ ತಿಳಿಯದಂತೆ ಏನನ್ನೋ ತುಂಬಿಸಿಹೋದನೆಂದೇ ಬಗೆದೆ.

ಮುಂದಿನ ವಾರ ಮೂರು ಹಳ್ಳಿಗಳಲ್ಲಿ ಧ್ವನಿಮುದ್ರಣ ಗೊತ್ತಾಗಿತ್ತು. ನಾನು ಮುದ್ರಿಸುವ ರೀತಿಯಲ್ಲಿ ಗಂಟೆಯೊಂದಕ್ಕೆ 600 ಎಂಬಿಗೂ ಹೆಚ್ಚು ಜಾಗ ಬೇಕು. ಏನನ್ನಾದರೂ ಅಳಿಸಲೇಬೇಕಾಯಿತು. ಎಲ್ಲಕ್ಕಿಂತ ಹಳೆಯ ಮುದ್ರಣವನ್ನು ಆರಿಸಿಕೊಂಡೆ. ಹಾಡಿದಾಕೆ ಆ ವೇಳೆಗೆ ತೀರಿಕೊಂಡಿದ್ದರು. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ. ಬೆರಳು ಮುಂದಾಗಲಿಲ್ಲ. ಹುಡುಗನಿಗೇ ಮತ್ತೆ ಹೇಳಿಕಳುಹಿಸಿದೆ.

“ಮೇಷ್ಟ್ರೇ, ಜಾಗ ಎಲ್ಲೂ ಹೋಗಿಲ್ಲ. ನೀವು ಹಾಕಿಸಿದ ಮೆಮೊರಿಯೇ ತಗೊಂಡಿದೆ” ಎಂದು ಅವನು ವಿವರಿಸಿದ.

ವಿಂಡೋಸ್ 7 ವ್ಯವಸ್ಥೆಯು ಎರಡು ಕಡತಗಳನ್ನು ಡಿಸ್ಕಿನಲ್ಲಿ ನಮ್ಮ ಕಣ್ಣಿಗೆ ಬೀಳದಂತೆ ಇರಿಸಿಕೊಂಡಿರುತ್ತದೆ. ಒಂದು ಪೇಜ್ ಫೈಲ್. ಮೆಮೊರಿಯಲ್ಲಿ ಇಕ್ಕಟ್ಟಾದಾಗ ಸದ್ಯಕ್ಕೆ ಬೇಡವಾದದ್ದನ್ನು ಇಳಿಸಿಡುವ ತಾಣ. ಅಳತೆಯನ್ನು ವ್ಯವಸ್ಥೆಗೇ ಬಿಟ್ಟರೆ ಅದು ಸಾಮಾನ್ಯವಾಗಿ ಮೆಮೊರಿಯಷ್ಟಾದರೂ ಇರುತ್ತದೆ. ಇನ್ನೊಂದು ಹೈಬರ್ನೇಷನ್ ಫೈಲ್. ವಿದ್ಯುತ್ತು ನಿಂತರೆ ಮೆಮೊರಿ ಏನನ್ನೂ ಉಳಿಸಿಕೊಳ್ಳಲಾರದು. ಆದುದರಿಂದ ಯಂತ್ರವು ದೀರ್ಘನಿದ್ರೆಗೆ ಸಂದುವ ಮುನ್ನ ಅದರಲ್ಲಿರುವುದನ್ನು ಇಲ್ಲಿ ಬರೆದಿಡುತ್ತದೆ. ಇದಕ್ಕೆ ಮೆಮೊರಿಯ ಶೇಕಡಾ 75ರಷ್ಟು ಜಾಗ ಮೀಸಲು. ಮೊದಲನೆಯದು 4ರಿಂದ 8ಕ್ಕೆ, ಎರಡನೆಯದು 3ರಿಂದ 6ಕ್ಕೆ ಬೆಳೆದಿತ್ತು. ಕಳೆದುಹೋದ 7 ಜಿಬಿಯ ಲೆಕ್ಕ ಅಲ್ಲಿಗೆ ಸರಿಹೋಯಿತು.

ರೇಷ್ಮೆಗೂಡಿನ ಮಾರುಕಟ್ಟೆಯ ಊರಿನವನಾದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹುಳು ಹಣ್ಣಾದ ದಿನ ಚಂದ್ರಿಕೆಗಾಗಿ ಊರೆಲ್ಲ ಹುಡುಕುತ್ತ ಅಲೆಯಲಾಗದು. ಹೆಚ್ಚು ಹುಳು ಸಾಕಲು ಹೊರಟವನು ಹೆಚ್ಚು ಚಂದ್ರಿಕೆಗಳನ್ನೂ ಅವುಗಳಿಗೆ ಜಾಗವನ್ನೂ ಮೊದಲೇ ಹೊಂದಿಸಿಕೊಂಡಿರಬೇಕು. ಅವು ಬರಿದಾಗಿ ನಿಂತಿದ್ದರೂ ಆ ಜಾಗ ಬೇರೆಯದಕ್ಕೆ ಸಿಗದು.

ದೀರ್ಘನಿದ್ರೆಯ ಸೌಕರ್ಯವನ್ನು ನಾನು ಎಂದೂ ಬಳಸಿದವನಲ್ಲ. ಹುಡುಗ ಒಂದು ಸಾಲಿನ ಆಜ್ಞೆಯಿಂದ ಅದನ್ನು ನಿಲ್ಲಿಸಿದ. 6 ಜಿಬಿ ಮರಳಿ ಬಂತು. ಮುಂದೆ ಬಂದ ವಿಂಡೋಸ್ 10ರಲ್ಲಿ ಈ ಮೀಸಲು ಸಾಮಾನ್ಯವಾಗಿ ಮೆಮೊರಿಯ ಶೇಕಡಾ 40ರಷ್ಟಾಯಿತು. ಪ್ರಮಾಣ ತಗ್ಗಿದರೂ ನಿಯಮ ಅದೇ: ಮೆಮೊರಿ ಬೆಳೆದಂತೆ ಮೀಸಲೂ ಬೆಳೆಯುತ್ತದೆ.

ಅವನನ್ನು ಶಂಕಿಸಿದ್ದೆನೆಂದು ಹೇಳುವ ಧೈರ್ಯ ಅಂದು ನನಗಾಗಲಿಲ್ಲ. ಕಾಫಿ ಕೊಟ್ಟು, ಅಳಿಸಹೊರಟಿದ್ದ ಆ ಹಾಡನ್ನು ಕೇಳಿಸಿದೆ. ಮುಗಿಯುವವರೆಗೂ ಅವನು ಲೋಟವನ್ನು ಕೆಳಗಿಡಲಿಲ್ಲ. ಆ ಮಾತನ್ನು ಇಂದು ನಿಮ್ಮೆಲ್ಲರ ಎದುರಿಗೆ ಹೇಳಿದ್ದೇನೆ, ಅವನಿಗೂ ಕೇಳಿಸಿರಲಿ.