ಕೂಡಿ ಕಲಿತ ಗಣಿತ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಗಣಿತ ಕಲಿಸಿದವನು. ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಬಹಳ ಸಲ ಒಬ್ಬರೇ ಶಿಕ್ಷಕರು. ತಪ್ಪಿದರೆ ತಿದ್ದುವವರಿಲ್ಲ, ತೋಚದಿದ್ದರೆ ಕೇಳಲು ಜೊತೆಗಾರರಿಲ್ಲ.

ಒಂದು ದಿನ ತರಗತಿಯಲ್ಲಿ ಕೇಳಿದೆ: "33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಉದ್ದ, ಅಗಲ ಎರಡೂ 66 ಅಡಿ ಆದರೆ ಎಷ್ಟು ಗುಂಟೆ?" ಒಕ್ಕಲುತನದ ಮನೆಯ ಹುಡುಗಿಯೊಬ್ಬಳು ಎದ್ದು, "ಎರಡ ಗುಂಟೆರಿ ಸರ್" ಅಂದಳು. ಸೂತ್ರ ಹಾಕಿಸಿದೆ. 4,356 ಚದರ ಅಡಿ ಬಂತು. 1,089ರಿಂದ ಭಾಗಿಸಿದಳು, ನಾಲ್ಕು ಬಂತು. "ಎರಡ ಪಟ್ಟ ಮಾಡಿದ್ರ ನಾಕ ಹೆಂಗ ಆತ್ರಿ?" ಎಂದು ಕೇಳಿದಳು. "ಸೂತ್ರ ಹಂಗ ಐತಿ, ಕುಂದರು" ಎಂದೆ. ಕುಳಿತಳು. ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ.

2011ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ವಿಷಯ ಶಿಕ್ಷಕರ ವೇದಿಕೆ ಆರಂಭವಾಯಿತು. ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಕೂಡಿ ನಡೆಸಿದ ಕಾರ್ಯಕ್ರಮ ಅದು. ಅಲ್ಲಿ ಜಿಯೋಜೀಬ್ರಾ ಕಲಿತೆವು. ತ್ರಿಭುಜದ ಮೂಲೆಯನ್ನು ಎತ್ತ ಎಳೆದರೂ ಕೋನಗಳ ಮೊತ್ತ 180 ಡಿಗ್ರಿಯೇ ಇರುವುದನ್ನು ಪರದೆಯ ಮೇಲೆ ಕಂಡೆವು. ಆದರೆ ನನಗೆ ದೊಡ್ಡ ಲಾಭವಾದದ್ದು ಯಂತ್ರದಿಂದಲ್ಲ, ಜೊತೆಗೆ ಕೂತವರಿಂದ.

ಅಂಥ ಒಂದು ಕೂಟದಲ್ಲಿ ಅಂಜುತ್ತಲೇ ಆ ಹುಡುಗಿಯ ಪ್ರಶ್ನೆ ಹೇಳಿದೆ. ಯಾರೂ ನಗಲಿಲ್ಲ. "ನಮ್ಮ ಮಕ್ಕಳೂ ಹಂಗ ಅಂತಾರ" ಎಂದರು ಕುಂದಗೋಳ ಕಡೆಯ ಒಬ್ಬರು. ವಯಸ್ಸಿನಲ್ಲಿ ನನಗಿಂತ ಕಿರಿಯರಾದ ಕಲಘಟಗಿಯ ಶಿಕ್ಷಕಿಯೊಬ್ಬರು, "ಹಗ್ಗ ತಗೊಂಡು ಬಯಲಿಗೆ ಕರಕೊಂಡು ಹೋಗ್ರಿ ಸರ್" ಎಂದರು.

ಮರುವಾರ ಇದೇ ಮೈದಾನದಲ್ಲಿ 66 ಅಡಿಯ ಚೌಕ ಹಾಕಿ, ನಡುವೆ ಅಡ್ಡ ಒಂದು, ಉದ್ದ ಒಂದು ಸುಣ್ಣದ ಗೆರೆ ಎಳೆದೆವು. ಉದ್ದಕ್ಕೆ ಎರಡು, ಅಗಲಕ್ಕೆ ಎರಡು, ಕೂಡಿ ನಾಲ್ಕು ಗುಂಟೆ. ಒಂದೊಂದರಲ್ಲೂ ಮಕ್ಕಳು ನಿಂತರು. ನಾನು ಬಾಯಿ ತೆರೆಯುವ ಮೊದಲೇ, "ಇಂಥವು ಹತ್ತ ಕೂಡಿದ್ರ ಒಂದ ಎಕರೆರಿ!" ಎಂದು ಒಬ್ಬ ಕೂಗಿದ. ಆದರೆ ಆ ಹುಡುಗಿ ಅಷ್ಟರಲ್ಲಿ ಶಾಲೆ ಬಿಟ್ಟು ಹೋಗಿದ್ದಳು.

ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಶಿಕ್ಷಕರು ಇಂಥ ಕೂಟಕ್ಕೆ ಹೋದ ದಿನ "ಸಾಲಿ ಬಿಟ್ಟು ಎಲ್ಲಿ ಹೋದ್ರು" ಎನ್ನಬೇಡಿ. ಬಂದ ಮೇಲೆ "ಏನು ತಂದ್ರಿ" ಎಂದು ಕೇಳಿ. ಶಿಕ್ಷಕ ಮಿತ್ರರೇ, ನಿಮಗೆ ತಿಳಿಯದ್ದನ್ನು ಮೊದಲು ನಿಮ್ಮವರ ಮುಂದೆ ಹೇಳಿ. ನಾನು ತಡಮಾಡಿದೆ.

ಆ ತಂಗಿ ಇಂದು ಈ ಸಭೆಯಲ್ಲಿದ್ದರೆ, ಅವಳ ಪ್ರಶ್ನೆಗೆ ಉತ್ತರ ಇದೇ ಮೈದಾನದಲ್ಲಿ ಸಿಕ್ಕಿತೆಂದು ತಿಳಿಯಲಿ.